ಬಾಯಿ ಮತ್ತು ಮುಖದ ಸ್ನಾಯು ಚಿಕಿತ್ಸೆ

ತುಟಿ, ನಾಲಿಗೆ, ಕೆನ್ನೆ, ದವಡೆ, ಮೃದು ಅಂಗುಳ ಇವುಗಳ ಸ್ನಾಯುಗಳು ಸೋತಾಗ, ಬಿಗಿದುಕೊಂಡಾಗ ಇಲ್ಲವೆ ತಪ್ಪು ಚಾಳಿಗೆ ಬಿದ್ದಾಗ ಅವನ್ನು ಅಭ್ಯಾಸದಿಂದ ಮತ್ತೆ ಕೆಲಸಕ್ಕೆ ಹಚ್ಚುವ ಚಿಕಿತ್ಸೆ. ಮೊಲೆ ಹಿಡಿಯಲಾರದ ಹಸುಗೂಸಿನಿಂದ ಹಿಡಿದು ಲಕ್ವ ಹೊಡೆದು ಮಾತು ತೊದಲುವ ಮುದುಕರವರೆಗೆ ಇದರ ಹರವು. ವಾಕ್ ಚಿಕಿತ್ಸಕರು ಇದರ ಮುಖ್ಯ ಕಸಬುದಾರರು. ದಂತವೈದ್ಯರು, ಕಿವಿ-ಮೂಗು-ಗಂಟಲು ತಜ್ಞರು, ನರರೋಗ ತಜ್ಞರು, ಫಿಸಿಯೋಥೆರಪಿಯವರು ಜೊತೆಗಾರರು.

ಇಲ್ಲಿ ವಿಷಯವನ್ನು ಅಗಳಿಯ ಕಡೆಯಿಂದ ನೋಡಲಾಗಿದೆ. ಅಗಳಿ ಆಂಧ್ರಪ್ರದೇಶದ ಮಡಕಶಿರಾ ಸೀಮೆಯ ಒಂದು ಮಂಡಲ ಕೇಂದ್ರ. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮಡಕಶಿರಾ ಸೀಮೆ ಕರ್ನಾಟಕದೊಳಕ್ಕೆ ಚಾಚಿಕೊಂಡಿರುವ ತುಂಡು. ಶಿರಾ, ಮಧುಗಿರಿ, ಪಾವಗಡಗಳು ಅದನ್ನು ಸುತ್ತುವರಿದಿವೆ. ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು, ಊಟ ರಾಗಿ ಮುದ್ದೆ. ಈ ಮೂರೂ ಬಾಯಿಯ ಚಿಕಿತ್ಸೆಗೆ ನೇರವಾಗಿ ಸಂಬಂಧಪಟ್ಟ ಸಂಗತಿಗಳೇ.

ಜನ ಬಾಯಿಯ ತೊಂದರೆಯನ್ನು ಹೇಳುವ ಮಾತುಗಳಲ್ಲಿ ಅರ್ಧ ರೋಗನಿದಾನ ಅಡಗಿರುತ್ತದೆ. ‘ಬಾಯಿ ಸೊಟ್ಟಗಾಗಿದೆ’ ಎಂದರೆ ಮುಖದ ನರದ ಕಡೆ ನೋಡಬೇಕು. ‘ಮೂಗಲ್ಲಿ ಮಾತಾಡ್ತಾನೆ’ ಎಂದರೆ ಮೃದು ಅಂಗುಳದ ಕಡೆ. ‘ನೀರು ಕುಡಿದರೆ ನೆತ್ತಿಗೆ ಹತ್ತುತ್ತೆ’ ಎಂಬುದು ಗಂಟಲಿನ ಕದ ಸರಿಯಾಗಿ ಮುಚ್ಚುತ್ತಿಲ್ಲ ಎಂಬುದರ ಸೂಚನೆ. ‘ನಾಲಿಗೆ ಹೊರಳಲ್ಲ’, ‘ನಾಲಿಗೆ ದಪ್ಪ’ ಎಂಬ ಮಾತುಗಳು ಮಾತ್ರ ಆಗಾಗ ದಾರಿ ತಪ್ಪಿಸುತ್ತವೆ. ಮಾತು ಬಾರದ ಎಷ್ಟೋ ಮಕ್ಕಳ ನಾಲಿಗೆ ಚೆನ್ನಾಗಿಯೇ ಇರುತ್ತದೆ, ಕಿವಿ ಕೇಳಿಸುತ್ತಿರುವುದಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುವ ಮುನ್ನ ಮಗುವಿನ ಕಿವಿ ಪರೀಕ್ಷೆಯಾಗಬೇಕು.

ಮುಖದ ಸ್ನಾಯುಗಳಿಗೆ ಒಂದು ವಿಶೇಷವಿದೆ. ಕೈಕಾಲಿನ ಸ್ನಾಯುಗಳು ಮೂಳೆಯಿಂದ ಮೂಳೆಗೆ ಕಟ್ಟಿಕೊಂಡಿದ್ದರೆ, ಇವುಗಳಲ್ಲಿ ಹೆಚ್ಚಿನವು ಚರ್ಮಕ್ಕೆ ಅಂಟಿಕೊಂಡಿವೆ. ಆದ್ದರಿಂದಲೇ ನಗು, ಮುನಿಸು, ಹುಬ್ಬು ಗಂಟಿಕ್ಕುವುದು ಸಾಧ್ಯ. ಇವನ್ನು ನಡೆಸುವುದು 7ನೆಯ ಕಪಾಲನರ. ಅಗಿಯುವ ಸ್ನಾಯುಗಳು 5ನೆಯ ನರದ ಕೈಕೆಳಗೆ, ನಾಲಿಗೆ ಬಹುಪಾಲು 12ನೆಯದರ ಕೈಕೆಳಗೆ. ನಾಲಿಗೆಯಲ್ಲಿ 8 ಜೊತೆ ಸ್ನಾಯುಗಳಿವೆ; 4 ಅದರೊಳಗೇ ಹೆಣೆದುಕೊಂಡು ಆಕಾರ ಬದಲಿಸುತ್ತವೆ, ಇನ್ನು 4 ಹೊರಗಿನಿಂದ ಹಿಡಿದು ಜಾಗ ಬದಲಿಸುತ್ತವೆ. ಕನ್ನಡದ ‘ಳ’ ಹೇಳಲು ನಾಲಿಗೆಯ ತುದಿ ಹಿಂದಕ್ಕೆ ಮಡಿಚಿ ಅಂಗುಳವನ್ನು ಸವರಿ ಕೆಳಗೆ ಬೀಳಬೇಕು. ‘ಬಾಳೆಹಣ್ಣು’ ಎಂಬ ಒಂದೇ ಪದದಲ್ಲಿ ಎರಡು ತುಟಿ ಕೂಡಬೇಕು, ನಾಲಿಗೆ ಎರಡು ಸಲ ಮಡಿಚಬೇಕು, ಮೃದು ಅಂಗುಳ ಮೊದಲು ಮೂಗಿನ ದಾರಿ ಮುಚ್ಚಿ ಆಮೇಲೆ ‘ಣ್ಣ’ಕ್ಕಾಗಿ ತೆರೆಯಬೇಕು. ಇಷ್ಟೆಲ್ಲ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ನಡೆದುಹೋಗುತ್ತದೆ.

ಈ ಸ್ನಾಯುಗಳಿಗೆ ತಾಲೀಮು ಕೊಡಬಹುದು ಎಂಬ ವಿಚಾರ ಮೊದಲು ಹಲ್ಲಿನ ವೈದ್ಯರಿಂದ ಬಂತು. ಅಮೆರಿಕದ ಬಾಸ್ಟನ್ನಿನ ಆಲ್ಫ್ರೆಡ್ ರಾಜರ್ಸ್ ಎಂಬ ದಂತಸರಣಿ ತಜ್ಞ 1918ರಲ್ಲಿ, ಹಲ್ಲಿಗೆ ತಂತಿ ಕಟ್ಟಿದರೆ ಸಾಲದು, ಹಲ್ಲನ್ನು ತಳ್ಳುವ ಸ್ನಾಯುಗಳಿಗೂ ಪಾಠ ಹೇಳಬೇಕು ಎಂದು ಬರೆದ. 1960ರ ಹೊತ್ತಿಗೆ ವಾಲ್ಟರ್ ಸ್ಟ್ರಾಬ್, ನುಂಗುವಾಗ ನಾಲಿಗೆ ಮುಂದಿನ ಹಲ್ಲುಗಳನ್ನು ತಳ್ಳುವುದಕ್ಕೆ ಬಾಟಲಿ ಹಾಲೇ ಕಾರಣ ಎಂದು ವಾದಿಸಿದ. ವಾದ ಪೂರ್ತಿ ನಿಲ್ಲಲಿಲ್ಲ, ಆದರೆ ನಾಲಿಗೆ ವ್ಯಾಯಾಮದ ಚಿಕಿತ್ಸಾಲಯಗಳು ಸಾಲಾಗಿ ಹುಟ್ಟಿಕೊಂಡವು. 1978ರಲ್ಲಿ ವಿಲಿಯಂ ಪ್ರಾಫಿಟ್ ಲೆಕ್ಕವನ್ನೇ ತಿರುಗಿಸಿದ. ನುಂಗುವುದು ಒಂದು ಸೆಕೆಂಡಿನ ಕೆಲಸ. ದಿನವಿಡೀ ಎಷ್ಟು ಸಲ ನುಂಗಿದರೂ ಒಟ್ಟು ಕೆಲವೇ ನಿಮಿಷ. ಹಲ್ಲನ್ನು ಸರಿಸುವುದು ಆ ತಳ್ಳಾಟವಲ್ಲ, ಉಳಿದ ಹೊತ್ತೆಲ್ಲ ನಾಲಿಗೆ ಎಲ್ಲಿ ಒರಗಿರುತ್ತದೆ ಎಂಬುದು. ಇಂದಿನ ಚಿಕಿತ್ಸೆ ಸುಮ್ಮನಿರುವ ನಾಲಿಗೆಯ ಜಾಗಕ್ಕೆ ಕೊಡುವ ಮಹತ್ವ ಇಲ್ಲಿಂದ ಬಂದದ್ದು.

ಕನ್ನಡ ನಾಡಿನಲ್ಲಿ ಈ ವಿದ್ಯೆಯ ತವರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಜನರ ಬಾಯಲ್ಲಿ ಆಯಿಷ್. 1965ರಲ್ಲಿ ಶುರುವಾಗಿ 1966ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಸೀಳುತುಟಿ, ಸೀಳಂಗುಳದವರಿಗೊಂದು ಘಟಕ, ನುಂಗುವ ತೊಂದರೆಗೊಂದು ಕೇಂದ್ರ ಅಲ್ಲಿವೆ. ಇದರ ನಿರ್ದೇಶಕರಾಗಿದ್ದ ನ. ರತ್ನ ಅವರು ಮೈಸೂರಿನ ‘ಸಮತೆಂತೋ’ ರಂಗತಂಡದ ನಾಟಕಕಾರರೂ ಹೌದು. ನಟನ ಬಾಯಿಯನ್ನೂ ರೋಗಿಯ ಬಾಯಿಯನ್ನೂ ಒಬ್ಬರೇ ಬಲ್ಲವರಾಗಿದ್ದದ್ದು ಈ ಕ್ಷೇತ್ರದ ಭಾಗ್ಯ ಎನ್ನಬೇಕು. 1972ರಲ್ಲಿ ಬಾಬು, ರತ್ನ ಮತ್ತು ಬೆಟ್ಟಗೇರಿ ಸೇರಿ ಕನ್ನಡದ ಉಚ್ಚಾರಣಾ ಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. ಕನ್ನಡ ಮಗುವಿನ ನಾಲಿಗೆಯನ್ನು ಕನ್ನಡದ ಪದಗಳಿಂದಲೇ ಅಳೆಯುವುದಕ್ಕೆ ಅದು ದಾರಿ ಮಾಡಿತು.

ಮಕ್ಕಳಲ್ಲಿ ಮೊದಲ ತೊಂದರೆ ಕಾಣಿಸುವುದು ಹಾಲು ಕುಡಿಯುವಾಗ. ಸೀಳಂಗುಳವಿರುವ ಕೂಸಿಗೆ ಬಾಯಲ್ಲಿ ಗಾಳಿ ನಿಲ್ಲದು, ಚೀಪಲಾಗದು. ಹಾಲು ಮೂಗಿನಿಂದ ಬರುತ್ತದೆ. ಇಲ್ಲಿ ಹಳೆಯ ಮನೆಗಳ ಒಳಲೆ ಮತ್ತೆ ಮುಂದೆ ಬರುತ್ತದೆ. ಹರಳೆಣ್ಣೆ ಕುಡಿಸಲು ಅಜ್ಜಿಯರು ಇಟ್ಟುಕೊಂಡಿದ್ದ, ಒಂದು ಕಡೆ ಮೂತಿ ಇರುವ ಆ ಪುಟ್ಟ ಪಾತ್ರೆಯನ್ನೇ ಹೋಲುವ ಸಾಧನದಿಂದ ಇಂದಿಗೂ ಆಸ್ಪತ್ರೆಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಹಾಲು ಕುಡಿಸುತ್ತಾರೆ. ಕೂಸನ್ನು ಮಲಗಿಸದೆ ತಲೆ ಎತ್ತರಿಸಿ ಕೂರಿಸಿಕೊಂಡು, ಕೆಳತುಟಿಯ ಮೇಲೆ ಒಳಲೆಯ ಮೂತಿ ಊರಿ, ಮಗು ನುಂಗುವ ತಾಳಕ್ಕೆ ಸ್ವಲ್ಪ ಸ್ವಲ್ಪವೇ ಬಗ್ಗಿಸಬೇಕು. ಗಂಟಲಿಗೆ ಸುರಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ.

ಭಾರತದಲ್ಲಿ ಸುಮಾರು 700 ಹೆರಿಗೆಗೆ ಒಂದು ಮಗು ಸೀಳುತುಟಿ ಇಲ್ಲವೆ ಸೀಳಂಗುಳದೊಂದಿಗೆ ಹುಟ್ಟುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಬಸುರಿ ಗ್ರಹಣದ ಹೊತ್ತಿನಲ್ಲಿ ಏನನ್ನೋ ಕತ್ತರಿಸಿದ್ದರಿಂದ ಹೀಗಾಯಿತು ಎಂಬ ನಂಬಿಕೆ ಗಡಿಯ ಎರಡೂ ಕಡೆ ಇದೆ. ಇದಕ್ಕೆ ಆಧಾರವಿಲ್ಲ, ತಾಯಿಯ ಮೇಲೆ ತಪ್ಪು ಹೊರಿಸುವುದಕ್ಕೆ ಮಾತ್ರ ಅದು ಉಪಯೋಗಕ್ಕೆ ಬಂದಿದೆ. ತುಟಿಯನ್ನು ಮೂರರಿಂದ ಆರು ತಿಂಗಳೊಳಗೆ, ಅಂಗುಳವನ್ನು ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಹೊಲಿಯುವುದು ವಾಡಿಕೆ. ಹೊಲಿದ ಮೇಲೂ ಮಾತು ಮೂಗಿನಲ್ಲಿ ಸೋರಬಹುದು. ಚಿಕಿತ್ಸಕರು ತಣ್ಣಗಿನ ಪುಟ್ಟ ಕನ್ನಡಿಯೊಂದನ್ನು ಮೂಗಿನ ಹೊಳ್ಳೆಯ ಕೆಳಗೆ ಹಿಡಿದು ‘ಕಾಗೆ’, ‘ಪಪ್ಪ’ ಎನ್ನಿಸುತ್ತಾರೆ. ಆಗ ಕನ್ನಡಿ ಮಬ್ಬಾಗಬಾರದು. ‘ಆನೆ’, ‘ಮಾಮ’ ಎಂದಾಗ ಮಬ್ಬಾಗಬೇಕು. ಕಾಗೆಗೂ ಮಬ್ಬಾದರೆ ಅಂಗುಳ ಮೂಗಿನ ದಾರಿಯನ್ನು ಮುಚ್ಚುತ್ತಿಲ್ಲ.

ಮುಚ್ಚದಿರುವುದು ಅಂಗುಳ ಗಿಡ್ಡವಾಗಿರುವುದರಿಂದಲೋ, ಮಗು ತಪ್ಪಾಗಿ ಕಲಿತಿರುವುದರಿಂದಲೋ ಎಂಬುದು ಮುಂದಿನ ಪ್ರಶ್ನೆ. ಈ ಕ್ಷೇತ್ರದ ದೊಡ್ಡ ಜಗಳವೂ ಇಲ್ಲಿಯದೇ. ಪೀಪಿ ಊದಿಸುವುದು, ಬಲೂನು ಉಬ್ಬಿಸುವುದು, ಹೀರುಗೊಳವೆಯಲ್ಲಿ ಹೀರಿಸುವುದು, ನಾಲಿಗೆಯನ್ನು ಮೇಲೆ ಕೆಳಗೆ ಆಡಿಸುವುದು ಹಲವು ದಶಕಗಳ ರೂಢಿ. 2008ರಲ್ಲಿ ಲಾಫ್ ಮತ್ತು ವಾಟ್ಸನ್ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 85 ವಾಕ್ ಚಿಕಿತ್ಸಕರು ಇಂಥ ವ್ಯಾಯಾಮಗಳನ್ನು ಮಾತು ತಿದ್ದುವುದಕ್ಕೆ ಬಳಸುತ್ತಿದ್ದರು. ಆದರೆ ಇವುಗಳಿಂದ ಮಾತು ಸ್ಪಷ್ಟವಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಊದುವಾಗ ಅಂಗುಳ ಮುಚ್ಚುವ ಬಗೆಯೇ ಬೇರೆ, ‘ಕ’ ಎನ್ನುವಾಗ ಮುಚ್ಚುವ ಬಗೆಯೇ ಬೇರೆ. ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತವರ ಅಂಗುಳಕ್ಕೆ ಎಷ್ಟೇ ಅಭ್ಯಾಸವಾದರೂ ಅದು ಮಾತಿಗೆ ದಾಟುವುದಿಲ್ಲ. ಸ್ನಾಯು ಯಾವ ಕೆಲಸ ಮಾಡುತ್ತದೋ ಆ ಕೆಲಸವನ್ನೇ ಕಲಿಯುತ್ತದೆ: ಮಾತು ಮಾತಿನಿಂದ, ಊಟ ಊಟದಿಂದ. ಅಂಗುಳ ಗಿಡ್ಡವಾಗಿದ್ದರೆ ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕು. ‘ಪ’ ಹೇಳಬೇಕಾದಲ್ಲಿ ಗಂಟಲಲ್ಲೇ ಗಾಳಿ ತಡೆದು ಬಿಡುವ ಚಾಳಿ ಬಿದ್ದಿದ್ದರೆ, ತುಟಿ ಮುಚ್ಚಿ ಅಲ್ಲಿ ಗಾಳಿ ಕೂಡಿಡುವುದನ್ನು ಪದ ಪದವಾಗಿ ಕಲಿಸಬೇಕು. ಪೀಪಿ ಊದಿಸುತ್ತ ವರ್ಷ ಕಳೆಯುವುದು ಮಗುವಿನ ಕಾಲಹರಣ.

ನಾಲಿಗೆಯ ಕೆಳಗಿನ ತಂತು ಗಿಡ್ಡವಾಗಿ ನಾಲಿಗೆ ಕಟ್ಟಿಹಾಕಿದಂತಿರುವುದು ಇನ್ನೊಂದು ತೊಂದರೆ. ಬ್ರೆಜಿಲ್ 2014ರಲ್ಲಿ ಎಲ್ಲ ನವಜಾತ ಶಿಶುಗಳ ಈ ತಂತುವನ್ನು ಪರೀಕ್ಷಿಸಬೇಕೆಂದು ಕಾನೂನೇ ಮಾಡಿತು. ಮೊಲೆ ಹಿಡಿಯಲು ತೊಡಕಾಗಿ ತಾಯಿಗೆ ನೋವಾಗುತ್ತಿದ್ದರೆ ತಂತು ಕತ್ತರಿಸುವುದರಿಂದ ನೋವು ಕಡಿಮೆಯಾಗುತ್ತದೆ. ಮಾತು ತಡವಾದ ಮಗುವಿಗೆ ‘ತಂತು ಕತ್ತರಿಸಿದರೆ ಮಾತು ಬರುತ್ತೆ’ ಎನ್ನುವುದು ಬೇರೆ ಸಂಗತಿ. ಮಾತು ತಡವಾಗುವುದಕ್ಕೆ ತಂತು ಕಾರಣವಾಗುವುದಿಲ್ಲ.

ಬೆರಳು ಚೀಪುವ ಚಾಳಿಗೆ ಹಾಗಲಕಾಯಿ ರಸ, ಬೇವಿನೆಣ್ಣೆ ನಮ್ಮ ಮನೆಗಳ ಮದ್ದು. ನಾಲ್ಕು ವರ್ಷದೊಳಗೆ ತಾನಾಗಿ ಬಿಟ್ಟುಹೋದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿನಲ್ಲೂ ಮುಂದುವರಿದರೆ ಮೇಲಿನ ಹಲ್ಲು ಮುಂದಕ್ಕೆ ಬಂದು, ನಡುವೆ ಕಿಂಡಿ ಬಿಟ್ಟು, ಆ ಕಿಂಡಿಗೆ ನಾಲಿಗೆ ತೂರುವುದು ಅಭ್ಯಾಸವಾಗುತ್ತದೆ. ಆಗ ಕೊಡುವ ಮೊದಲ ಪಾಠ ಬಹಳ ಸರಳ: ‘ಲ’ ಎನ್ನುವಾಗ ನಾಲಿಗೆಯ ತುದಿ ಮುಟ್ಟುವ ಜಾಗವೇ ಅದರ ಮನೆ. ಅಲ್ಲಿ ಒಂದು ಪುಟ್ಟ ರಬ್ಬರ್ ಉಂಗುರವನ್ನು ನಾಲಿಗೆ ತುದಿಯಿಂದ ಒತ್ತಿ ಹಿಡಿದು, ತುಟಿ ಮುಚ್ಚಿ, ಉಂಗುರ ಬೀಳದಂತೆ ಎಂಜಲು ನುಂಗಬೇಕು. ದಿನಕ್ಕೆ ಕೆಲವು ಸಲ, ಕೆಲವು ತಿಂಗಳು. ಆದರೆ ಮೂಗು ಕಟ್ಟಿರುವ ಮಗುವಿಗೆ ಈ ಪಾಠ ಹೇಳಿ ಫಲವಿಲ್ಲ. ಮೂಗಿನ ಹಿಂದಿನ ಅಡೆನಾಯ್ಡ್ ಗಡ್ಡೆ ಊದಿಕೊಂಡು ಉಸಿರಿಗೆ ದಾರಿಯಿಲ್ಲದಿದ್ದರೆ ಮಗು ಬಾಯಿ ತೆರೆದೇ ಇರುತ್ತದೆ, ನಾಲಿಗೆ ಕೆಳಗೇ ಬಿದ್ದಿರುತ್ತದೆ, ರಾತ್ರಿ ಗೊರಕೆ ಹೊಡೆಯುತ್ತದೆ. ‘ಬಾಯಿ ಮುಚ್ಚು’ ಎಂದು ಗದರುವವರು ಮೊದಲು ಮಗುವಿನ ಮೂಗನ್ನು ವೈದ್ಯರಿಗೆ ತೋರಿಸಬೇಕು.

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಜೊಲ್ಲು ಸುರಿಯುವುದು ತಾಯಂದಿರಿಗೆ ಮಾತಿಗಿಂತ ದೊಡ್ಡ ಚಿಂತೆ. ಎಂಜಲು ಹೆಚ್ಚಾಗಿ ಉತ್ಪತ್ತಿಯಾಗುವುದು ಇದಕ್ಕೆ ಕಾರಣವಲ್ಲ, ಹೊತ್ತಿಗೆ ಸರಿಯಾಗಿ ನುಂಗದಿರುವುದು ಕಾರಣ. ಇಲ್ಲಿ ಚಿಕಿತ್ಸೆ ಬಾಯಿಯಿಂದ ಶುರುವಾಗುವುದಿಲ್ಲ, ಸೊಂಟದಿಂದ. ಸೊಂಟ, ಬೆನ್ನು, ಕತ್ತು ನೆಟ್ಟಗೆ ನಿಲ್ಲುವಂತೆ ಕೂರಿಸಿದ ಮೇಲೆ ದವಡೆಗೆ ಸ್ಥಿರತೆ ಬರುತ್ತದೆ. 1982ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥ ಕಡೆಗಳಲ್ಲಿ ಫಿಸಿಯೋಥೆರಪಿ ಮತ್ತು ವಾಕ್ ಚಿಕಿತ್ಸೆ ಜೊತೆಗೇ ನಡೆಯುವುದು ಈ ಕಾರಣಕ್ಕೆ.

ದೊಡ್ಡವರಲ್ಲಿ ಜನರನ್ನು ಹೆಚ್ಚು ಬೆಚ್ಚಿಬೀಳಿಸುವುದು ಬೆಳಗಾಗೆದ್ದು ಮುಕ್ಕಳಿಸಿದಾಗ ನೀರು ಒಂದು ಕಡೆಯಿಂದ ಸೋರುವ ಬೆಲ್ಸ್ ಪಾಲ್ಸಿ. ಆಯುರ್ವೇದ ಇದನ್ನು ಅರ್ದಿತ ಎನ್ನುತ್ತದೆ; ಜನ ಲಕ್ವ, ಗಾಳಿ ಹೊಡೆದದ್ದು ಎನ್ನುತ್ತಾರೆ. ಮಿದುಳಿನ ಪಾರ್ಶ್ವವಾಯುವಿನಿಂದ ಇದನ್ನು ಬೇರೆ ಮಾಡಿ ಗುರುತಿಸುವುದು ಜೀವದ ಪ್ರಶ್ನೆ. ಹುಬ್ಬು ಎತ್ತಲು ಹೇಳಬೇಕು: ಹಣೆಯ ಗೆರೆ ಆ ಕಡೆ ಮೂಡದೆ, ಕಣ್ಣೂ ಮುಚ್ಚದೆ ಹೋದರೆ ಬಹುತೇಕ ಮುಖದ ನರದ್ದೇ ತೊಂದರೆ. ಹಣೆ ಸುಕ್ಕಾಗುತ್ತಿದ್ದು ಬಾಯಿ ಮಾತ್ರ ವಾರೆಯಾಗಿದ್ದರೆ, ಅಥವಾ ಕೈ ಸೋತು ಮಾತು ತೊದಲಿದರೆ, ಒಂದು ಗಂಟೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ಬೆಲ್ಸ್ ಪಾಲ್ಸಿ ಬಂದವರಲ್ಲಿ ಸುಮಾರು ನೂರಕ್ಕೆ 70 ಮಂದಿ ಏನೂ ಮಾಡದಿದ್ದರೂ ಪೂರ್ತಿ ಗುಣವಾಗುತ್ತಾರೆ. ಲಕ್ವದ ನಾಟಿ ಔಷಧಿಗಳಿಗೆಲ್ಲ ಇರುವ ಹೆಸರು ಈ ನೂರಕ್ಕೆ 70ರಿಂದ ಬಂದದ್ದು. 2007ರ ಸ್ಕಾಟ್ಲೆಂಡಿನ ಪ್ರಯೋಗದಲ್ಲಿ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಶುರು ಮಾಡಿದವರಲ್ಲಿ ಒಂಬತ್ತು ತಿಂಗಳಿಗೆ ನೂರಕ್ಕೆ 94 ಮಂದಿ ಗುಣವಾದರು, ಅದಿಲ್ಲದವರಲ್ಲಿ 82 ಮಂದಿ. ಹಾಗಾಗಿ ಮೊದಲ ಮೂರು ದಿನ ಮಾತ್ರೆಯ ದಿನಗಳು. ಮುಚ್ಚದ ಕಣ್ಣಿಗೆ ಹನಿ ಹಾಕಿ, ರಾತ್ರಿ ಪಟ್ಟಿ ಅಂಟಿಸಿ ಕಾಪಾಡುವುದು ಅಷ್ಟೇ ಮುಖ್ಯ.

ವ್ಯಾಯಾಮದ ಸರದಿ ಆಮೇಲೆ. ನರ ಮತ್ತೆ ಚಿಗುರುವಾಗ ಎಳೆಗಳು ಅದಲುಬದಲಾಗಿ ಹೋಗಿ, ನಕ್ಕರೆ ಕಣ್ಣು ಮುಚ್ಚುವ, ಕಣ್ಣು ಮುಚ್ಚಿದರೆ ತುಟಿ ಎಳೆಯುವ ಪೇಚಾಟ ಕೆಲವರಿಗೆ ಉಳಿಯುತ್ತದೆ. ಇಂಥವರು ಜೋರಾಗಿ ಮುಖ ಕಿವುಚಿ ಕಸರತ್ತು ಮಾಡಿದರೆ ಕೆಡುಕೇ ಹೆಚ್ಚು. ಕನ್ನಡಿಯ ಮುಂದೆ ಕೂತು, ಕಣ್ಣನ್ನು ಸಡಿಲ ಬಿಟ್ಟು, ತುಟಿಯ ತುದಿಯನ್ನು ಕೂದಲೆಳೆಯಷ್ಟು ಎತ್ತುವುದನ್ನು ನಿಧಾನವಾಗಿ ಕಲಿಯಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ಮೂಕಾಭಿನಯದ ಕಲಾವಿದರೂ ವೈದ್ಯರೂ ಕೂಡಿ ಇದನ್ನೊಂದು ಪದ್ಧತಿಯಾಗಿ ಬೆಳೆಸಿದ್ದಾರೆ.

ಪಾರ್ಶ್ವವಾಯು ಆದವರಲ್ಲಿ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ನುಂಗುವುದು ಕಷ್ಟವಾಗುತ್ತದೆ. ಅಗಳಿಯ ಊಟ ಇಲ್ಲಿ ವಿಶೇಷ ಪ್ರಶ್ನೆಯನ್ನೇ ಒಡ್ಡುತ್ತದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಬೆರಳಲ್ಲಿ ಉರುಟಾಗಿಸಿ, ಸಾರಿನಲ್ಲಿ ಅದ್ದಿ, ನಾಲಿಗೆಯ ಹಿಂಭಾಗಕ್ಕೆ ಇಟ್ಟು ಒಂದೇ ಸಲಕ್ಕೆ ಜಾರಿಸುವುದು. ಹಲ್ಲಿಗೆ ಕೆಲಸವಿಲ್ಲ, ನಾಲಿಗೆಯ ಬುಡ ಜೋರಾಗಿ ಹಿಂದಕ್ಕೆ ತಳ್ಳಬೇಕು, ಗಂಟಲು ಆ ಕ್ಷಣದಲ್ಲೇ ಮೇಲೆದ್ದು ಶ್ವಾಸನಾಳವನ್ನು ಮುಚ್ಚಬೇಕು. ಮೇಲಾಗಿ ಗಟ್ಟಿ ತುತ್ತು ಮತ್ತು ತೆಳ್ಳನೆಯ ಸಾರು ಒಟ್ಟಿಗೆ ಹೋಗುವುದು ಸೋತ ಗಂಟಲಿಗೆ ಎಲ್ಲಕ್ಕಿಂತ ಕಷ್ಟದ ಜೋಡಿ: ಮುದ್ದೆ ಇನ್ನೂ ನಾಲಿಗೆಯ ಮೇಲಿರುವಾಗಲೇ ಸಾರು ಮುಂದೆ ಓಡಿರುತ್ತದೆ. ‘ಮುದ್ದೆ ತಿಂದರೆ ಶಕ್ತಿ ಬರುತ್ತೆ’ ಎಂದು ಲಕ್ವ ಹೊಡೆದವರಿಗೆ ಮೊದಲ ವಾರದಲ್ಲೇ ತಿನ್ನಿಸಲು ಹೋಗುವುದು ಪ್ರೀತಿಯ ಕೆಲಸವಾದರೂ ಅಪಾಯದ್ದು. ರಾಗಿಯನ್ನು ಬಿಡಬೇಕಿಲ್ಲ. ರಾಗಿ ಸರಿಯನ್ನು ಗಂಟಿಲ್ಲದಂತೆ ಕಾಯಿಸಿ ಚಮಚದಲ್ಲಿ ಕೊಡಬಹುದು. ನೀರಿಗಿಂತ ಮಂದವಾದ ಅಂಬಲಿ ನೀರಿಗಿಂತ ನಿಧಾನವಾಗಿ ಇಳಿಯುವುದರಿಂದ ಗಂಟಲಿಗೆ ಸಿದ್ಧವಾಗಲು ಹೊತ್ತು ಸಿಗುತ್ತದೆ. ಎಷ್ಟು ಮಂದ ಎಂಬುದನ್ನು ಅಳೆಯಲು ಅಂತರರಾಷ್ಟ್ರೀಯ ಪದ್ಧತಿಯೊಂದಿದೆ, 0ಯಿಂದ 7ರವರೆಗೆ ಎಂಟು ಮಟ್ಟ. ಅದರ ಉಪಕರಣ 10 ಮಿಲಿ ಲೀಟರಿನ ಸಿರಿಂಜು ಅಷ್ಟೇ. ಸೂಜಿ ತೆಗೆದು, ಮೂತಿಗೆ ಬೆರಳೊತ್ತಿ, ಅಂಬಲಿ ತುಂಬಿಸಿ, ಬೆರಳು ಬಿಟ್ಟು 10 ಸೆಕೆಂಡ್ ಎಣಿಸಬೇಕು. 1ರಿಂದ 4 ಮಿಲಿ ಉಳಿದರೆ ತುಸು ಮಂದ, 4ರಿಂದ 8 ಉಳಿದರೆ ಇನ್ನಷ್ಟು ಮಂದ. ಯಾರಿಗೆ ಯಾವ ಮಟ್ಟ ಎಂಬುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು. ಗಂಟಲಿನ ಬಲಕ್ಕೂ ವ್ಯಾಯಾಮಗಳಿವೆ. ಅಂಗಾತ ಮಲಗಿ ಭುಜ ಎತ್ತದೆ ತಲೆಯನ್ನಷ್ಟೇ ಎತ್ತಿ ಕಾಲ್ಬೆರಳು ನೋಡುವ ಶೇಕರ್ ವ್ಯಾಯಾಮ ಹೆಸರಾದದ್ದು.

ಬಾಯಿ ತೆರೆಯಲಾಗದಿರುವುದು ಅಡಿಕೆ ನಾಡಿನ ರೋಗ. 1952ರಲ್ಲಿ ಶ್ವಾರ್ಟ್ಜ್ ಎಂಬಾತ ಇದನ್ನು ಮೊದಲು ವಿವರಿಸಿದ್ದು ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ. ಅಡಿಕೆಯ ಅರೆಕೊಲಿನ್‌ನಿಂದಾಗಿ ಕೆನ್ನೆಯ ಒಳಪದರದಲ್ಲಿ ನಾರು ಬೆಳೆದು, ಕೆನ್ನೆ ಚರ್ಮದ ಪಟ್ಟಿಯಂತೆ ಬಿಗಿಯುತ್ತದೆ. ಖಾರ ತಡೆಯಲಾಗದು, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ತಂಬಾಕಿಲ್ಲದ ಬರಿಯ ಅಡಿಕೆಯೂ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆ ಜಗಿಯುವುದನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಎರ್ನಾಕುಲಂನಲ್ಲಿ ಇಂಥ 66 ಮಂದಿಯನ್ನು 17 ವರ್ಷ ಗಮನಿಸಿದಾಗ ಐವರಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ತಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗುತ್ತವೆಯೇ ಎಂದು ಯಾರು ಬೇಕಾದರೂ ನೋಡಿಕೊಳ್ಳಬಹುದು. ಚಿಕಿತ್ಸೆಯಲ್ಲಿ ಐಸ್‌ಕ್ಯಾಂಡಿ ಕಡ್ಡಿಗಳ ಕಟ್ಟು ಬಳಕೆಯಾಗುತ್ತದೆ. ಹಲ್ಲುಗಳ ನಡುವೆ ಹಿಡಿಯುವಷ್ಟು ಕಡ್ಡಿ ಪೇರಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಬಿಗಿ ಸಡಿಲವಾದಾಗ ನಡುವೆ ಇನ್ನೊಂದು ಕಡ್ಡಿ ತೂರಿಸುವುದು. ಬಾಯಿ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ವಿಕಿರಣ ಆದವರಿಗೂ ಇದೇ ಉಪಾಯ. ಅಡಿಕೆ ಬಿಡದವರಿಗೆ ಕಡ್ಡಿ ಎಷ್ಟು ಪೇರಿಸಿದರೂ ಅಷ್ಟೇ.

ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಗೆ ನಾಲಿಗೆ-ಗಂಟಲಿನ ವ್ಯಾಯಾಮ ಹೊಸ ಸೇರ್ಪಡೆ. 2009ರ ಬ್ರೆಜಿಲ್ ಪ್ರಯೋಗದಲ್ಲಿ ಮೂರು ತಿಂಗಳ ಅಭ್ಯಾಸದಿಂದ ಗಂಟೆಗೆ ಸರಾಸರಿ 22 ಸಲ ಉಸಿರು ಕೆಡುತ್ತಿದ್ದದ್ದು ಸುಮಾರು 14ಕ್ಕೆ ಇಳಿಯಿತು. ಮಧ್ಯಮ ತೀವ್ರತೆಯವರಿಗೆ ಇದು ಜೊತೆ ಚಿಕಿತ್ಸೆ, ಮಲಗುವಾಗ ಉಸಿರಿನ ದಾರಿಗೆ ಗಾಳಿ ಒತ್ತುವ ಯಂತ್ರಕ್ಕೆ ಬದಲಿಯಲ್ಲ.

ಅಗಳಿಯವರಿಗೆ ಈ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂಬುದಕ್ಕೆ ಭೂಪಟ ಒಂದು ಉತ್ತರ ಕೊಡುತ್ತದೆ, ಬಸ್ಸು ಇನ್ನೊಂದು. ಆಡಳಿತದ ದಾರಿ ಮಡಕಶಿರಾ, ಹಿಂದೂಪುರ, ಅನಂತಪುರಕ್ಕೆ ಹೋಗುತ್ತದೆ. ನೆಂಟಸ್ತಿಕೆಯ ದಾರಿ ಶಿರಾ, ತುಮಕೂರು, ಬೆಂಗಳೂರಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಾಕ್ ಚಿಕಿತ್ಸಾ ವಿಭಾಗವಿದೆ. ಆಯಿಷ್ ದೂರದಲ್ಲಿರುವವರಿಗೆ ಆನ್‌ಲೈನ್ ಮೂಲಕವೂ ಪಾಠ ಹೇಳುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ, ಶಾಲೆಗಳಲ್ಲೇ ತಪಾಸಣೆ ಮಾಡುವಂಥದ್ದು. ಸೀಳುತುಟಿ, ಸೀಳಂಗುಳ ಅದರ ಪಟ್ಟಿಯಲ್ಲಿವೆ. ವಾಕ್ ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು; ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ.

ಗಡಿಯ ಮಗುವಿಗೆ ಇನ್ನೊಂದು ತೊಡಕಿದೆ. ತೆಲುಗಿನ ಪದಪಟ್ಟಿ ಹಿಡಿದು ಅಳೆದರೆ ಮನೆಯಲ್ಲಿ ಕನ್ನಡ ಆಡುವ ಮಗು ಹಿಂದೆ ಬಿದ್ದಂತೆ ಕಾಣುತ್ತದೆ. ಮೈಸೂರಿನ ಪುಸ್ತಕದ ಕನ್ನಡ ಹಿಡಿದರೂ ಪೂರ್ತಿ ಸರಿಹೋಗುವುದಿಲ್ಲ. ಈ ಸೀಮೆಯ ಆಡುಮಾತಿನಲ್ಲಿ ‘ಹ’ಕಾರ ಜಾರುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ‘ಶ’ ಸಲೀಸಾಗಿ ‘ಸ’ ಆಗುತ್ತದೆ. ಚಿತ್ರದಲ್ಲಿನ ಹಾಲಿನ ಲೋಟ ತೋರಿಸಿ ಏನೆಂದು ಕೇಳಿದಾಗ ‘ಆಲು’ ಎಂದ ಮಗುವಿಗೆ ನಾಲಿಗೆಯ ವ್ಯಾಯಾಮ ಬರೆದುಕೊಡುವ ಮೊದಲು, ಬಾಗಿಲಾಚೆ ಕೂತಿರುವ ಅಜ್ಜಿಯನ್ನೂ ಒಮ್ಮೆ ಕರೆದು ಅದೇ ಚಿತ್ರ ತೋರಿಸಬೇಕು. ಅವರೂ ‘ಆಲು’ ಎಂದೇ ಅನ್ನುತ್ತಾರೆ.